ಪಂಜರ ತೊಳೆಯುವುದು: ಮೊದಲು ನೀರು, ಆಮೇಲೆ ಬ್ರಷ್, ಬಾಟಲಿ ಕೊನೆಗೆ

ಹಕ್ಕಿ ಸಾಕಿದವರ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಪಂಜರದ ತಳಕ್ಕೆ. ದುರಭ್ಯಾಸ ಅಂದುಕೊಳ್ಳಿ. ತಳ ಗಲೀಜಾಗಿದ್ದರೆ ಬೇಜಾರಾಗುತ್ತದೆ. ಆದರೆ ತಳ ಫಳಫಳ ಹೊಳೆಯುತ್ತಾ, ಇಡೀ ಕೋಣೆ ಫಿನಾಯಿಲ್ ವಾಸನೆ ಹೊಡೆಯುತ್ತಿದ್ದರೆ ಭಯವೇ ಆಗುತ್ತದೆ. ಗಲೀಜು ಪಂಜರ ಹಕ್ಕಿಯನ್ನು ನಿಧಾನವಾಗಿ ಕಾಡುತ್ತದೆ. ತಪ್ಪು ಬಾಟಲಿ ಮಧ್ಯಾಹ್ನದೊಳಗೆ ಕೊಂದುಬಿಡಬಹುದು. ಹಾಗಾಗಿ ನಾನು ಬರೆಯಹೊರಟಿರುವುದರಲ್ಲಿ ಅರ್ಧ ಭಾಗ ಹೇಗೆ ತೊಳೆಯಬೇಕು ಅನ್ನುವುದು, ಇನ್ನರ್ಧ ಏನನ್ನು ಹತ್ತಿರಕ್ಕೂ ತರಬಾರದು ಅನ್ನುವುದು.

ನಮ್ಮ ಮನೆಯಲ್ಲಿರುವುದು ಒಂದು ಜೊತೆ ಕಾಕಟೀಲ್ (ಜುಟ್ಟಿರುವ ಚಿಕ್ಕ ಗಿಳಿ ಜಾತಿ), ಗುಂಡ ಮತ್ತು ಮಲ್ಲಿ. ಇನ್ನೊಂದು ಉದ್ದ ಪಂಜರದಲ್ಲಿ ನಾಲ್ಕು ಬಜ್ರಿಗರ್, ಅವೂ ಪುಟ್ಟ ಗಿಳಿಗಳೇ. ಗುಂಡನಿಗೆ ಬ್ರಷ್ ಕಂಡರೆ ಆಗುವುದಿಲ್ಲ, ಮಲ್ಲಿಗೆ ಬ್ರಷ್ ಕಚ್ಚದೆ ಸಮಾಧಾನವಿಲ್ಲ. ಇವರಿಬ್ಬರ ಜೊತೆ ಏಗುತ್ತಾ ರೂಢಿಯಾದ ಕ್ರಮ ಇದು. ದೊಡ್ಡ ಗಿಳಿ ಇದ್ದವರಿಗೆ ಪಂಜರವೂ ದೊಡ್ಡದು, ಉಜ್ಜುವ ಕೆಲಸವೂ ಜಾಸ್ತಿ, ಅಷ್ಟೇ, ಕ್ರಮ ಬದಲಾಗುವುದಿಲ್ಲ.

ಗಾಳಿಯ ವಿಷಯ ಮೊದಲು

ಹಕ್ಕಿ ಉಸಿರಾಡುವುದು ನಮ್ಮ ಹಾಗಲ್ಲ. ಅದರ ಶ್ವಾಸಕೋಶ ನಮ್ಮದರಂತೆ ಉಬ್ಬಿ ಕುಗ್ಗುವುದಿಲ್ಲ. ಅದಕ್ಕೆ ಅಂಟಿಕೊಂಡ ಗಾಳಿಚೀಲಗಳಿವೆ, ಹೆಚ್ಚಿನ ಹಕ್ಕಿಗಳಲ್ಲಿ ಒಂಬತ್ತು. ಅವು ಕುಲುಮೆಯ ತಿದಿಯಂತೆ ಗಾಳಿಯನ್ನು ಎಳೆದು, ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ಹಾಯಿಸುತ್ತವೆ. ಹಾಗಾಗಿ ಉಸಿರು ಎಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶಕ್ಕೆ ಹೊಸ ಗಾಳಿ ಸಿಗುತ್ತಲೇ ಇರುತ್ತದೆ. ಹಾರಲು ಬೇಕಾದ ಶಕ್ತಿಗೆ ಇದು ಅದ್ಭುತ ಏರ್ಪಾಡು. ಆದರೆ ಗಾಳಿಯಲ್ಲಿ ವಿಷ ಇದ್ದರೆ ಅದನ್ನೂ ಅಷ್ಟೇ ಚುರುಕಾಗಿ ಒಳಗೆ ಎಳೆದುಕೊಳ್ಳುತ್ತದೆ, ಮೈ ನೋಡಿದರೆ ಪುಟ್ಟದು. ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲ ಪತ್ತೆಗೆ ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದುದು ಇದೇ ಕಾರಣಕ್ಕೆ. ಬ್ರಿಟನ್ನಿನಲ್ಲಿ ಅವುಗಳ ಬದಲು ಎಲೆಕ್ಟ್ರಾನಿಕ್ ಯಂತ್ರ ತರುವ ತೀರ್ಮಾನವಾದದ್ದು 1986ರಲ್ಲಿ, ಅಂದರೆ ತೀರಾ ಈಚೆಗೆ.

ಇದನ್ನು ತಲೆಯಲ್ಲಿಟ್ಟುಕೊಂಡು ಮನೆಯ ಶುಚಿ ಸಾಮಾನಿನ ಕಪಾಟು ತೆಗೆದು ನೋಡಿ. ಫಿನಾಯಿಲ್ ಬೇಡ, ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಹಕ್ಕಿಗೆ ವಿಷ. ಗಾಜು ಒರೆಸುವ ಅಮೋನಿಯಾ ದ್ರವ ಬೇಡ. ಟಾಯ್ಲೆಟ್ ಆಸಿಡ್ ಅಂತೂ ಆ ಕೋಣೆಗೇ ಬೇಡ. ರೂಮ್ ಫ್ರೆಶ್ನರ್, ಸುಗಂಧದ ಮೇಣದಬತ್ತಿ, ಊದುಬತ್ತಿ, ‘ನೈಸರ್ಗಿಕ’ ಅಂತ ಹಣೆಪಟ್ಟಿ ಹೊತ್ತ ಸುವಾಸಿತ ಎಣ್ಣೆ, ಸೊಳ್ಳೆ ಜಿರಲೆಗೆ ಹೊಡೆಯುವ ಸ್ಪ್ರೇ, ಯಾವುದೂ ಬೇಡ. ಹೇನು ಬರದಿರಲಿ ಅಂತ ಪಂಜರಕ್ಕೆ ನುಸಿಗುಳಿಗೆ ಕಟ್ಟುವವರಿದ್ದಾರೆ. ದಯವಿಟ್ಟು ಈಗಲೇ ಬಿಚ್ಚಿ ಎಸೆಯಿರಿ. ಹಕ್ಕಿ ಹಗಲು ರಾತ್ರಿ ಅದರ ಹಬೆಯನ್ನೇ ಕುಡಿಯುತ್ತಿರುತ್ತದೆ.

ಇನ್ನೊಂದು ಮಾತು ಪಂಜರ ತೊಳೆಯುವುದಕ್ಕೆ ನೇರವಾಗಿ ಸೇರಿದ್ದಲ್ಲ, ಆದರೂ ಹೇಳದೆ ಮುಂದೆ ಹೋಗಲಾರೆ. ಪಂಜರ ತೊಳೆಯುವ ದಿನ ಹಕ್ಕಿಯನ್ನು ಅಡುಗೆಮನೆಯಲ್ಲಿ ಕೂರಿಸಬೇಡಿ. ನಾನ್‌ಸ್ಟಿಕ್ ಬಾಣಲೆಯ ಪಿಟಿಎಫ್‌ಇ ಲೇಪ 260 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಕೆಡಲು ಶುರುವಾಗುತ್ತದೆ. ಖಾಲಿ ಬಾಣಲೆ ಒಲೆಯ ಮೇಲೆ ಮರೆತರೆ ಆ ಬಿಸಿ ಮುಟ್ಟಲು ಹೊತ್ತು ಬೇಕಿಲ್ಲ. ಅದರ ಹೊಗೆಗೆ ನಮ್ಮ ಮೂಗಿಗೆ ಏನೂ ಗೊತ್ತಾಗದಿರಬಹುದು, ಹಕ್ಕಿ ಮಾತ್ರ ನಿಮಿಷಗಳಲ್ಲಿ ಸಾಯಬಹುದು. ಕೆಲವು ಇಸ್ತ್ರಿಪೆಟ್ಟಿಗೆ, ಹೀಟರುಗಳಲ್ಲೂ ಇದೇ ಲೇಪ ಇರುತ್ತದೆ.

ಬಕೆಟ್ಟಿನಲ್ಲಿ ಏನಿರಬೇಕು

ಹಕ್ಕಿಗಳಿಗೆಂದೇ ಒಂದು ಬಕೆಟ್, ಅದರೊಳಗೆ ಸಾಮಾನು. ಬರೀ ನೀರು ತುಂಬಿದ ಒಂದು ಸ್ಪ್ರೇ ಬಾಟಲಿ. ನೀರು, ವಿನೆಗರ್ ಅರ್ಧರ್ಧ ಬೆರೆಸಿದ ಇನ್ನೊಂದು. ಇವೆರಡಕ್ಕೂ ಹೆಸರು ಬರೆದು ಅಂಟಿಸಿ, ಎರಡೂ ನೋಡಲು ಒಂದೇ ಥರ ಇರುತ್ತವೆ. ವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವ. ಹಳೆಯ ಟೂತ್‌ಬ್ರಷ್ ಎರಡು. ಅವಧಿ ಮುಗಿದ ಒಂದು ಪ್ಲಾಸ್ಟಿಕ್ ಕಾರ್ಡು, ಟ್ರೇ ಕೆರೆಯಲು ಅದಕ್ಕಿಂತ ಒಳ್ಳೆಯ ಉಪಕರಣ ನಾನು ಕಂಡಿಲ್ಲ: ಅಂಚು ಗಟ್ಟಿ, ಲೇಪ ಗೀರುವುದಿಲ್ಲ. ಹಳೆಯ ಹತ್ತಿ ಬಟ್ಟೆ, ಕೈಗವಸು, ಎನ್95 ಮಾಸ್ಕ್. ಇಷ್ಟೇ. ಬ್ಲೀಚ್ ಈ ಬಕೆಟ್ಟಿನಲ್ಲಿ ಇರುವುದಿಲ್ಲ, ಬೇರೆ ಕಡೆ ಎತ್ತರದಲ್ಲಿರುತ್ತದೆ, ಅದು ಬೇಕಾಗುವ ದಿನಗಳೇ ಕಡಿಮೆ.

ಉಕ್ಕಿನ ನಾರು ಈ ಪಟ್ಟಿಯಲ್ಲಿಲ್ಲ ಅನ್ನುವುದನ್ನು ಗಮನಿಸಿ. ಅದು ಸರಳಿನ ಬಣ್ಣ ಗೀರುತ್ತದೆ, ಗೀರಿದಲ್ಲಿ ತುಕ್ಕು ಹಿಡಿಯುತ್ತದೆ. ಮುರಿದ ಎಳೆಗಳನ್ನು ಹಕ್ಕಿ ಕೊಕ್ಕಿನಲ್ಲಿ ಎತ್ತಿಕೊಂಡರೆ ಇನ್ನೊಂದು ತಲೆನೋವು.

ದಿನದ ಕೆಲಸ: ಕಾಗದ ಮತ್ತು ಬಟ್ಟಲು

ಟ್ರೇಗೆ ನಾನು ಹಾಸುವುದು ಹಳೆಯ ಪತ್ರಿಕೆ. ಜೋಳದ ದಿಂಡಿನ ಪುಡಿ, ಆಕ್ರೋಟು ಚಿಪ್ಪಿನ ಚೂರು, ಮರದ ಹೊಟ್ಟು ಅಂತ ಚಂದದ ಪೊಟ್ಟಣಗಳಲ್ಲಿ ಏನೇನೋ ಸಿಗುತ್ತವೆ. ಅವನ್ನು ನಾನು ಒಪ್ಪುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ತೇವ ಕೂತಿರುತ್ತದೆ, ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಕಣ ಹಕ್ಕಿಯ ಗಾಳಿಚೀಲ ಸೇರಿತೆಂದರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ, ಎಷ್ಟೋ ಸಲ ಕೈಗೂಡುವುದೂ ಇಲ್ಲ. ಜೊತೆಗೆ ಆ ಚೂರುಗಳನ್ನು ಹಕ್ಕಿ ನುಂಗಲೂಬಹುದು.

ಕಾಗದದ ದೊಡ್ಡ ಉಪಕಾರ ಇನ್ನೊಂದು: ಅದರ ಮೇಲೆ ಹಿಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಬೆಳಿಗ್ಗೆ ಕಾಗದ ತೆಗೆಯುವಾಗ ಮಡಚಿ ಎಸೆಯುವ ಮುಂಚೆ ಅರ್ಧ ನಿಮಿಷ ನೋಡಿ. ಸರಿಯಾದ ಹಿಕ್ಕೆಯಲ್ಲಿ ಮೂರು ಭಾಗ: ಹಸಿರು ಅಥವಾ ಕಂದು ಬಣ್ಣದ ಗಟ್ಟಿ ಮಲ, ಅದರ ಮೇಲೆ ಸುಣ್ಣದಂಥ ಬಿಳಿ ಯುರೇಟ್, ಸುತ್ತ ಹರಡಿದ ತಿಳಿ ಮೂತ್ರ. ಮಲ್ಲಿ ರಾತ್ರಿಯಿಡೀ ಒಂದೇ ಕಡೆ ಕೂರುವುದರಿಂದ ಅವಳ ಕೋಲಿನ ಕೆಳಗೆ ಒಂದು ಗುಡ್ಡೆ, ಗುಂಡನದು ಅಂಚಿನಲ್ಲಿ ಸಾಲಾಗಿ. ಯಾರದು ಯಾವುದು ಅನ್ನುವುದು ದಿನಾ ನೋಡುವವರಿಗೆ ಗೊತ್ತಿರುತ್ತದೆ. ಬಿಳಿ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ, ಕಾಳು ಅರೆಯದೆ ಹಾಗೆಯೇ ಬಿದ್ದಿದ್ದರೆ, ರಕ್ತದ ಗುರುತಿದ್ದರೆ, ಸಂಖ್ಯೆಯೇ ಥಟ್ಟನೆ ಕಡಿಮೆಯಾದರೆ ಆವತ್ತೇ ಪಶುವೈದ್ಯರಿಗೆ ಫೋನು ಮಾಡಿ, ಆ ಕಾಗದವನ್ನೇ ಜೊತೆಗೆ ಒಯ್ಯಿರಿ. ಹಿಂದಿನ ದಿನ ಬೀಟ್‌ರೂಟ್ ಕೊಟ್ಟಿದ್ದರೆ ಕೆಂಪು ಕಂಡು ಹೌಹಾರಬೇಡಿ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುವ ಪ್ರಾಣಿ. ಗರಿ ಉಬ್ಬಿಸಿ ಮೂಲೆ ಹಿಡಿಯುವ ಹೊತ್ತಿಗೆ ಕಾಗದ ಆಗಲೇ ಹೇಳಿ ಮುಗಿಸಿರುತ್ತದೆ. ಕೆಲವರು ಏಳೆಂಟು ಹಾಳೆ ಒಟ್ಟಿಗೆ ಹಾಸಿ ದಿನಕ್ಕೊಂದು ಎಳೆಯುತ್ತಾರೆ. ಮಾಡಬಹುದು, ಅಡಿ ಹಾಳೆಗೆ ತೇವ ಇಳಿದಿಲ್ಲ ಅಂತ ನೋಡಿಕೊಂಡರೆ.

ನೀರಿನ ಬಟ್ಟಲಿಗೆ ಬರೋಣ. ನಿನ್ನೆಯ ನೀರು ಚೆಲ್ಲಿ, ಬಟ್ಟಲಿನ ಒಳಗೋಡೆಗೆ ಬೆರಳು ಒತ್ತಿ ಎಳೆಯಿರಿ. ಜಾರಿತೇ? ಅದೇ ಲೋಳೆ, ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಮನೆ. ಬರೀ ನೀರಲ್ಲಿ ಕುಲುಕಿದರೆ ಅದು ಹೋಗುವುದಿಲ್ಲ. ಸೋಪು ಹಾಕಿ ಬ್ರಷ್ಷಿನಿಂದ ಉಜ್ಜಲೇಬೇಕು. ಉಜ್ಜಿದ ಮೇಲೆ ಬೆರಳು ಕಿರ್ ಅನ್ನಬೇಕು. ಎರಡು ಜೊತೆ ಬಟ್ಟಲಿಟ್ಟುಕೊಂಡರೆ ಸುಖ: ಒಂದು ಪಂಜರದಲ್ಲಿ, ಇನ್ನೊಂದು ಒಣಗುತ್ತಾ. ಸ್ಟೀಲ್ ಬಟ್ಟಲು ಒಳ್ಳೆಯದು. ಪ್ಲಾಸ್ಟಿಕ್ಕಿನಲ್ಲಿ ಗೀರು ಬೀಳುತ್ತದೆ, ಗೀರಿನಲ್ಲಿ ಲೋಳೆ ಅಡಗುತ್ತದೆ. ಕಾಳನ್ನು ನೀರಲ್ಲಿ ಅದ್ದಿ ತಿನ್ನುವ ಹಕ್ಕಿಯಾದರೆ ದಿನಕ್ಕೆರಡು ಸಲ ನೀರು ಬದಲಿಸಿ. ವಿಟಮಿನ್ ಹನಿಯನ್ನು ನೀರಿಗೆ ಬೆರೆಸುವವರು ಲೋಳೆಗೂ ಊಟ ಹಾಕುತ್ತಿದ್ದೇವೆಂದು ತಿಳಿದಿರಲಿ. ಮೂತಿಯಲ್ಲಿ ಗೋಲಿ ಇರುವ ನೀರಿನ ಬಾಟಲಿ ಬಳಸುವವರು ದಿನಾ ಆ ಗೋಲಿಯನ್ನು ಬೆರಳಲ್ಲಿ ತಟ್ಟಿ ನೀರು ಬರುತ್ತದೋ ನೋಡಬೇಕು. ಬಾಟಲಿ ತುಂಬಿರುತ್ತದೆ, ಮೂತಿ ಕಟ್ಟಿಕೊಂಡಿರುತ್ತದೆ, ಹಕ್ಕಿ ಬಾಯಾರಿ ಕೂತಿರುತ್ತದೆ.

ಕಾಳಿನ ಬಟ್ಟಲಿನಲ್ಲೂ ಇಂಥದೇ ಮೋಸ. ಬಜ್ರಿಗರ್ ಕಾಳನ್ನು ಸುಲಿದು ತಿಂದು ಸಿಪ್ಪೆಯನ್ನು ಅಲ್ಲೇ ಬಿಡುತ್ತದೆ. ಬಟ್ಟಲು ತುಂಬಿದಂತೆ ಕಾಣುತ್ತದೆ, ಇರುವುದೆಲ್ಲಾ ಹೊಟ್ಟು. ಹೊಟ್ಟನ್ನು ಬಾಯಿಂದ ಊದಬೇಡಿ, ದೂಳು ನಿಮ್ಮ ಮುಖಕ್ಕೇ ಬರುತ್ತದೆ. ಹೊರಗೆ ಒಯ್ದು ಮೊರದಲ್ಲಿ ಕೇರಿ, ಇಲ್ಲವೇ ಉಳಿದದ್ದನ್ನು ಚೆಲ್ಲಿ. ಹಣ್ಣು, ತರಕಾರಿ, ನೆನೆಸಿದ ಕಾಳು ಕೊಟ್ಟರೆ ಒಂದೆರಡು ಗಂಟೆಯಲ್ಲಿ ತೆಗೆದುಬಿಡಿ. ಬಟ್ಟಲುಗಳು ಕೂರುವ ಕೋಲಿನ ಕೆಳಗೆ ಇರಬಾರದು ಅಂತ ಬೇರೆ ಹೇಳಬೇಕಿಲ್ಲ, ಆದರೂ ಎಷ್ಟೋ ಪಂಜರಗಳಲ್ಲಿ ಅಲ್ಲೇ ಇರುತ್ತವೆ.

ವಾರದ ಕೆಲಸ: ಹಕ್ಕಿಯನ್ನು ಹೊರಗೆ ಕಳಿಸಿ

ಸರಳು, ಕೋಲು, ಟ್ರೇ ಉಜ್ಜುವಾಗ ಹಕ್ಕಿ ಪಂಜರದಲ್ಲಿರಬಾರದು, ಆದಷ್ಟು ಆ ಕೋಣೆಯಲ್ಲೂ ಇರಬಾರದು. ಒಂದು ಚಿಕ್ಕ ಸಾಗಣೆ ಪಂಜರ ಇದ್ದರೆ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ಮನೆಯೊಳಗೆ ಹಾರಲು ಬಿಡುವ ರೂಢಿಯಿದ್ದರೆ ಮೊದಲು ಸೀಲಿಂಗ್ ಫ್ಯಾನ್ ಆರಿಸಿ. ನಾನು ಸ್ವಿಚ್ಚಿನ ಮೇಲೆ ಟೇಪು ಅಂಟಿಸುತ್ತೇನೆ. ನಮಗೆ ನೆನಪಿದ್ದರೂ ಸೆಕೆ ಅಂತ ಒಳಬಂದವರು ಕೈ ಹಾಕುವುದು ಮೊದಲು ಸ್ವಿಚ್ಚಿಗೇ. ಕಿಟಕಿ, ಟಾಯ್ಲೆಟ್ ಮುಚ್ಚಳ, ನೀರು ತುಂಬಿದ ಬಕೆಟ್ಟು, ಎಲ್ಲ ಮುಚ್ಚಿರಲಿ. ದೊಡ್ಡ ಕನ್ನಡಿಗೆ ಬಟ್ಟೆ ಹೊದಿಸಿ.

ಈಗ ಈ ಬರಹದ ಮುಖ್ಯ ಮಾತು: ಒಣ ಹಿಕ್ಕೆಯನ್ನು ಒಣಗಿದ್ದಾಗ ಕೆರೆಯಬೇಡಿ, ಗುಡಿಸಬೇಡಿ, ಬ್ರಷ್ ಹಾಕಬೇಡಿ. ಮೊದಲು ಒದ್ದೆ ಮಾಡಿ. ಬರೀ ನೀರಿನ ಬಾಟಲಿ ಇರುವುದು ಇದಕ್ಕೇ. ಚೆನ್ನಾಗಿ ಸಿಂಪಡಿಸಿ, ಗಟ್ಟಿ ಕಲೆಯ ಮೇಲೆ ಒದ್ದೆ ಕಾಗದ ಅಂಟಿಸಿ, ಹತ್ತು ನಿಮಿಷ ಬಿಟ್ಟುಬಿಡಿ. ಆಮೇಲೆ ಪ್ಲಾಸ್ಟಿಕ್ ಕಾರ್ಡು ತಾಗಿಸಿದರೆ ಚಕ್ಕೆಯಾಗಿ ಎದ್ದುಬರುತ್ತದೆ.

ಒದ್ದೆ ಮಾಡುವುದು ಶ್ರಮ ಉಳಿಸಲಿಕ್ಕಷ್ಟೇ ಅಲ್ಲ, ನಿಮ್ಮ ಶ್ವಾಸಕೋಶಕ್ಕೂ ಬೇಕು. ಕ್ಲಮೈಡಿಯಾ ಸಿಟಾಸಿ ಅನ್ನುವ ಬ್ಯಾಕ್ಟೀರಿಯಾ ಗಿಳಿ ಜಾತಿಯ ಹಕ್ಕಿಗಳಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಇರಬಲ್ಲದು. ಒಣಗಿದ ಹಿಕ್ಕೆಯ ದೂಳಿನೊಂದಿಗೆ ಅದು ನಮ್ಮ ಉಸಿರಿಗೆ ಸೇರಿದರೆ, ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು, ಒಣಕೆಮ್ಮು ಶುರುವಾಗುತ್ತವೆ. ಗಿಳಿಜ್ವರ ಅನ್ನುವುದು ಇದನ್ನೇ. 1929–30ರಲ್ಲಿ ಮಾರಾಟಕ್ಕೆ ಬಂದ ಗಿಳಿಗಳ ಮೂಲಕ ಹಲವು ದೇಶಗಳಲ್ಲಿ ಹಬ್ಬಿ ಜನ ಸತ್ತಿದ್ದರು. ಆಗ ಇದಕ್ಕೆ ಆಂಟಿಬಯಾಟಿಕ್ ಇರಲಿಲ್ಲ. ಈಗ ಡಾಕ್ಸಿಸೈಕ್ಲಿನ್ ಇದೆ, ಆದರೆ ಡಾಕ್ಟರಿಗೆ ಅನುಮಾನ ಬರಬೇಕಲ್ಲ? ಜ್ವರ, ಕೆಮ್ಮು ಅಂತ ಹೋದಾಗ ‘ಮನೆಯಲ್ಲಿ ಹಕ್ಕಿ ಸಾಕಿದ್ದೇವೆ’ ಅನ್ನುವುದನ್ನು ಮರೆಯದೆ ಹೇಳಿ.

ಸೋಂಕು ಇಲ್ಲದಿದ್ದರೂ ದೂಳು ದೂಳೇ. ಕಾಕಟೀಲ್, ಕಾಕಟೂಗಳ ಮೈಯಿಂದ ಉದುರುವ ಬಿಳಿ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲವರಿಗೆ ಶ್ವಾಸಕೋಶದಲ್ಲಿ ಅಲರ್ಜಿಯ ಊತ ಬಂದು, ಅದು ಕೊನೆಗೆ ಸರಿಪಡಿಸಲಾಗದ ಗಾಯವಾಗಿಬಿಡುತ್ತದೆ. ಹಾಗಾಗಿ ಮಾಸ್ಕ್ ಹಾಕಿಕೊಳ್ಳಿ. ಎಚ್‌ಇಪಿಎ ಫಿಲ್ಟರ್ ಇಲ್ಲದ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಅದು ಸಣ್ಣ ದೂಳನ್ನು ಹಿಂದಿನ ತೂತಿನಿಂದ ಕೋಣೆಗೇ ಉಗುಳುತ್ತದೆ. ಆಸ್ತಮಾ ಇರುವವರು, ಬಸುರಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಒಪ್ಪಿಸುವುದು ಒಳ್ಳೆಯದು.

ಒದ್ದೆಯಾದ ಮೇಲೆ ಎಲ್ಲಿ ಉಜ್ಜಬೇಕು? ಎದುರಿಗೆ ಕಾಣುವ ಸರಳುಗಳನ್ನು ಎಲ್ಲರೂ ಒರೆಸುತ್ತಾರೆ. ನಾನು ಹೇಳುವುದು ಕಾಣದ ಜಾಗಗಳನ್ನು. ಗುಂಡ ಮಲಗುವ ಕೋಲು ಹಿಂಬದಿಗಿದೆ, ಬಾಲ ಗೋಡೆ ಕಡೆಗೆ. ಅವನ ಹಿಂದಿನ ಮೂರು ಸರಳುಗಳ ಮೇಲೆ ವಾರವಿಡೀ ಹಿಕ್ಕೆ ಇಳಿದು, ಅಡ್ಡ ಸರಳು ಸೇರುವಲ್ಲಿ ಬೂದು ಬಣ್ಣದ ಗಂಟಾಗಿ ಕಟ್ಟಿಕೊಂಡಿರುತ್ತದೆ. ಕೊಕ್ಕಿನಿಂದ ಹಿಡಿದು ಹತ್ತುವುದು ಅದೇ ಸರಳುಗಳನ್ನು, ಅಂದರೆ ಅದು ನೇರ ಬಾಯಿಗೆ. ಆ ಗಂಟುಗಳಿಗೆ ಟೂತ್‌ಬ್ರಷ್ ಬೇಕು. ಬಾಗಿಲ ತಿರುಗಣೆ, ಚಿಲಕದ ಒಳಬದಿ, ಬಟ್ಟಲು ಸಿಕ್ಕಿಸುವ ಉಂಗುರ, ಟ್ರೇ ಜಾರುವ ಹಳಿ, ಈ ನಾಲ್ಕನ್ನೂ ಮುಗಿಸಿ. ಹಳಿಯಲ್ಲಿ ಕಾಳು ಸಿಕ್ಕಿಕೊಂಡು ಪತಂಗದ ಹುಳು ಆಗುವುದೂ ಉಂಟು. ಬಿಳಿ ಕಲೆ ಬಿಡದಿದ್ದರೆ ವಿನೆಗರ್ ನೀರು ಹೊಡೆದು ಐದು ನಿಮಿಷ ಬಿಡಿ. ಯುರೇಟಿನ ಗಟ್ಟಿಯೂ ನೀರಿನ ಸುಣ್ಣದ ಕಲೆಯೂ ಅದಕ್ಕೆ ಬಗ್ಗುತ್ತವೆ. ಆದರೆ ವಿನೆಗರ್ ರೋಗಾಣುಗಳನ್ನೆಲ್ಲ ಕೊಲ್ಲುತ್ತದೆ ಅನ್ನುವ ನಂಬಿಕೆ ಬೇಡ. ಅದು ಕಲೆ ತೆಗೆಯುವ ವಸ್ತು. ಒರೆಸಿದ ಮೇಲೆ ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ.

ಕೋಲುಗಳು

ಮರದ ಕೋಲು ಹಕ್ಕಿಯ ಕಾಲಿಗೆ ಹಿತ, ತೊಳೆಯುವವರಿಗೆ ಕಷ್ಟ. ಮರ ಹೀರಿಕೊಳ್ಳುತ್ತದೆ. ಗಂಟೆಗಟ್ಟಲೆ ನೆನೆಸಿದರೆ ಒಳಗೆ ತೇವ ಉಳಿದು ಬೂಷ್ಟು ಬರುತ್ತದೆ. ಬಿಸಿ ಸೋಪುನೀರಿನಲ್ಲಿ ಗಟ್ಟಿ ಬ್ರಷ್ಷಿನಿಂದ ಬೇಗ ಉಜ್ಜಿ, ಹರಿಯುವ ನೀರಲ್ಲಿ ತೊಳೆದು, ಬಿಸಿಲಿಗೆ ನಿಲ್ಲಿಸಿ. ಕಲೆ ಆಳಕ್ಕಿಳಿದಿದ್ದರೆ ಒಣಗಿದ ಮೇಲೆ ಹೊರಗೆ ಕೂತು, ಮಾಸ್ಕ್ ಹಾಕಿ, ಉಪ್ಪುಕಾಗದದಿಂದ ತಿಕ್ಕಿ. ಆಮೇಲೆ ಇನ್ನೊಮ್ಮೆ ತೊಳೆದು ಒಣಗಿಸಿ. ಎರಡು ಜೊತೆ ಕೋಲಿದ್ದರೆ ಅವಸರ ಇರುವುದಿಲ್ಲ. ಒಡೆದ ಕೋಲನ್ನು, ತೊಳೆದರೂ ವಾಸನೆ ಬಿಡದ ಕೋಲನ್ನು ಎಸೆದುಬಿಡಿ. ಉಗುರು ಸವೆಯಲಿ ಅಂತ ಕೋಲಿಗೆ ಉಪ್ಪುಕಾಗದದ ಕವಚ ತೊಡಿಸುವುದು ಮಾತ್ರ ಬೇಡ. ಉಗುರು ಸವೆಯದು, ಅಂಗಾಲು ಹುಣ್ಣಾಗುತ್ತದೆ.

ಹಗ್ಗದ ಕೋಲು, ಹಗ್ಗದ ಆಟಿಕೆಗಳನ್ನು ತೊಳೆಯುವಾಗ ಎಳೆ ಬಿಟ್ಟಿದೆಯೇ ನೋಡಿ. ಬಿಟ್ಟ ಎಳೆ ಬೆರಳಿಗೆ ಸುತ್ತಿ ರಕ್ತ ಓಡಾಟ ನಿಲ್ಲಿಸಬಹುದು. ನುಂಗಿದರೆ ಹೊಟ್ಟೆಯಲ್ಲಿ ಉಂಡೆ ಕಟ್ಟಬಹುದು. ಕತ್ತರಿಸಿ ಸರಿಯಾಗುವಂತಿದ್ದರೆ ಸರಿ, ಇಲ್ಲದಿದ್ದರೆ ಕಸದ ಬುಟ್ಟಿಗೆ.

ಇಡೀ ಪಂಜರ ಬಿಚ್ಚುವ ದಿನ

ತಿಂಗಳಿಗೊಮ್ಮೆ ಎಲ್ಲ ಬಿಚ್ಚಿ ಬಚ್ಚಲಿಗೆ ಒಯ್ಯುತ್ತೇನೆ. ಪಾತ್ರೆ ತೊಳೆಯುವ ಸಿಂಕಿನಲ್ಲಿ ಪಂಜರದ ಯಾವ ಭಾಗವೂ ಬೇಡ; ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಊಟದ ತಟ್ಟೆಗೆ ಬರಲು ಅಷ್ಟೇ ಸಾಕು. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ, ಕೋಲು ಆಟಿಕೆ ಎಲ್ಲೆಲ್ಲಿದ್ದವು ಅನ್ನುವುದಕ್ಕೆ. ಬೆಳಿಗ್ಗೆಯೇ ಶುರು ಮಾಡಿ, ಸಂಜೆಯೊಳಗೆ ಪಂಜರ ಒಣಗಿ ಹಕ್ಕಿ ಒಳಹೋಗಿ ಹೊಂದಿಕೊಂಡಿರಬೇಕು. ಕಾಕಟೀಲ್‌ಗಳು ರಾತ್ರಿ ಬೆಚ್ಚಿಬಿದ್ದು ಕತ್ತಲಲ್ಲಿ ಪಂಜರಕ್ಕೆ ಬಡಿದುಕೊಳ್ಳುವುದಕ್ಕೆ ಹೆಸರಾದವು. ಅಂಥ ಹಕ್ಕಿಯನ್ನು ಎಲ್ಲ ಅದಲು ಬದಲಾದ ಪಂಜರದಲ್ಲಿ ಮಲಗಿಸಬಾರದು. ಫೋಟೊ ನೋಡಿ ಮಲಗುವ ಕೋಲನ್ನು ಮೊದಲಿದ್ದ ತೂತಿಗೇ ಸಿಕ್ಕಿಸಿ.

ಕ್ರಮ ಇಷ್ಟು. ಒದ್ದೆ ಮಾಡಿ ಗಟ್ಟಿ ಗಲೀಜು ತೆಗೆಯಿರಿ. ಬಿಸಿ ಸೋಪುನೀರಿನಲ್ಲಿ ಉಜ್ಜಿ. ಹರಿಯುವ ನೀರಲ್ಲಿ ತೊಳೆಯಿರಿ. ಆರೋಗ್ಯವಾಗಿರುವ, ಹೊಸ ಸೇರ್ಪಡೆ ಇಲ್ಲದ ಹಕ್ಕಿಗಳ ಪಂಜರಕ್ಕೆ ಹೆಚ್ಚಿನ ಸಲ ಇಷ್ಟೇ ಸಾಕು, ಒಣಗಿಸಿಬಿಡಿ. ರೋಗಾಣುನಾಶಕ ಬೇಕಾಗುವುದು ಯಾರೋ ಬಳಸಿದ ಹಳೆ ಪಂಜರ ತಂದಾಗ, ಹಕ್ಕಿ ಕಾಯಿಲೆ ಬಿದ್ದೆದ್ದಾಗ ಅಥವಾ ಸತ್ತಾಗ, ಇಲಿಯೋ ಕಾಡುಹಕ್ಕಿಯೋ ಪಂಜರಕ್ಕೆ ಬಾಯಿ ಹಾಕಿದ ಗುರುತು ಕಂಡಾಗ.

ಆಗ ಬ್ಲೀಚ್. 5ರಿಂದ 6 ಶೇಕಡಾ ಸೋಡಿಯಂ ಹೈಪೊಕ್ಲೋರೈಟ್ ಇರುವ, ಸುಗಂಧ ಬೆರೆಸದ ಮನೆಬಳಕೆಯ ಬ್ಲೀಚ್ 1 ಭಾಗಕ್ಕೆ ತಣ್ಣೀರು 32 ಭಾಗ, ಅಂದರೆ ಲೀಟರಿಗೆ ಸುಮಾರು 30 ಮಿಲಿ. ಬಿಸಿನೀರಿಗೆ ಹಾಕಬೇಡಿ, ಹಬೆ ಏಳುತ್ತದೆ, ಶಕ್ತಿಯೂ ಹೋಗುತ್ತದೆ. ಬೆರೆಸಿದ್ದನ್ನು ಆವತ್ತೇ ಬಳಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ. ತೊಳೆದು ಚೊಕ್ಕಟವಾದ ಪಂಜರಕ್ಕೆ ಮಾತ್ರ ಹಚ್ಚಿ. ಗಲೀಜಿನ ಮೇಲೆ ಸುರಿದರೆ ಬ್ಲೀಚ್ ಗಲೀಜಿನ ಜೊತೆಯೇ ಹೋರಾಡಿ ಸೋತುಹೋಗುತ್ತದೆ, ರೋಗಾಣು ಹಾಗೇ ಉಳಿಯುತ್ತದೆ. ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಹಚ್ಚಿ ತಕ್ಷಣ ಒರೆಸಿದರೆ ಏನೂ ಸಾಧಿಸಿದಂತಾಗಲಿಲ್ಲ. ಆಮೇಲೆ ನೀರು, ಮತ್ತೆ ನೀರು. ಲೋಹ ಸವೆಯುವುದರಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡುವುದೂ ಬೇಡ.

ಬ್ಲೀಚಿಗೆ ವಿನೆಗರ್ ಸೇರಿಸಬಾರದು, ಟಾಯ್ಲೆಟ್ ಆಸಿಡ್ ಸೇರಿಸಬಾರದು: ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಯಾವುದನ್ನೂ ಸೇರಿಸಬಾರದು: ಕ್ಲೋರಮೈನ್ ಅನಿಲ ಏಳುತ್ತದೆ. ಎರಡೂ ಮನುಷ್ಯರನ್ನೇ ಆಸ್ಪತ್ರೆಗೆ ಕಳಿಸುವಂಥವು. ಬೇಕೆಂದೇ ಯಾರೂ ಬೆರೆಸುವುದಿಲ್ಲ. ಅನಾಹುತ ಆಗುವುದು ವಿನೆಗರ್ ಹೊಡೆದ ಟ್ರೇಯನ್ನು ತೊಳೆಯದೆ ಬ್ಲೀಚಿಗೆ ಇಳಿಸಿದಾಗ, ಅಥವಾ ಬೆಳಿಗ್ಗೆ ಆಸಿಡ್ ಹಾಕಿದ ಬಚ್ಚಲಲ್ಲೇ ಬ್ಲೀಚ್ ಸುರಿದಾಗ. ಕಿಟಕಿ ತೆಗೆದಿರಲಿ, ಹಕ್ಕಿ ಮನೆಯ ಇನ್ನೊಂದು ತುದಿಯಲ್ಲಿರಲಿ.

ಒಣಗಿಸಲು ಬಿಸಿಲಿಗಿಂತ ಒಳ್ಳೆಯದಿಲ್ಲ. ಒಣಗಿತು ಅನ್ನಿಸಿದ ಮೇಲೆ ಮೂಗನ್ನು ಸರಳಿನ ಹತ್ತಿರ, ಟ್ರೇಯ ಮೂಲೆಯ ಹತ್ತಿರ ಇಟ್ಟು ನೋಡಿ. ನಿಮಗೆ ಒಂದಿಷ್ಟು ವಾಸನೆ ಬಂದರೂ ಇನ್ನೊಮ್ಮೆ ತೊಳೆಯಿರಿ. ನಿಮ್ಮ ಮೂಗಿಗಿಂತ ಒಳ್ಳೆಯ ಮೀಟರು ಈ ಕೆಲಸಕ್ಕೆ ಬೇಕಿಲ್ಲ.

ಬಿಚ್ಚಿದ ದಿನವೇ ಲೋಹವನ್ನೂ ಪರೀಕ್ಷಿಸಿ. ಸತುವಿನ ಲೇಪವಿರುವ ಹೊಸ ಜಿಐ ತಂತಿಯ ಮೇಲೆ ಬಿಳಿ ಪುಡಿ, ಸಣ್ಣ ಮುಳ್ಳುಗಳಂಥ ಉಬ್ಬು ಇರುತ್ತವೆ. ಹಕ್ಕಿ ಅದನ್ನು ಕೆರೆದು ನುಂಗಿದರೆ ಸತುವಿನ ವಿಷವೇರುತ್ತದೆ. ಬಳಸುವ ಮೊದಲು ವಿನೆಗರ್ ಹಾಕಿ ಗಟ್ಟಿ ಬ್ರಷ್ಷಿನಿಂದ ತಿಕ್ಕಿ ತೊಳೆದರೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸದಾ ಸರಳು ಕಚ್ಚುವ ಹಕ್ಕಿಗೆ ಸ್ಟೇನ್‌ಲೆಸ್ ಸ್ಟೀಲ್ ಪಂಜರವೇ ಸರಿ. ಬಣ್ಣ ಚಕ್ಕೆ ಏಳುತ್ತಿರುವ ಹಳೆಯ ಪಂಜರದಲ್ಲಿ ಸೀಸ ಇರಬಹುದು, ಎಷ್ಟು ಚೆನ್ನಾಗಿ ತೊಳೆದರೂ ಅದು ಹಕ್ಕಿಗೆ ಲಾಯಕ್ಕಲ್ಲ. ತುಕ್ಕು ಸಣ್ಣದಿದ್ದರೆ ಆ ಭಾಗ ಬದಲಿಸಿ, ಮೇಲೆ ಬಣ್ಣ ಬಳಿಯಬೇಡಿ.

ಉಳಿದ ಕೆಲವು

ಇರುವೆ ಬಂದರೆ ಔಷಧಿಯ ಪುಡಿಗೆ, ಗೆರೆ ಎಳೆಯುವ ಬಳಪಕ್ಕೆ ಕೈ ಹಾಕಬೇಡಿ. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ, ನೀರಿಗೆ ಒಂದು ಹನಿ ಸೋಪು. ಪಂಜರ ಗೋಡೆಗೆ ತಾಗದಿರಲಿ.

ಮೊಟ್ಟೆ, ಮರಿ ಇರುವಾಗ ಟ್ರೇ ಕಾಗದ, ಬಟ್ಟಲು ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಗೂಡುಪೆಟ್ಟಿಗೆ ತೊಳೆಯುವುದು ಮರಿ ಹೊರಬಂದ ಮೇಲೆ.

ಹೊಸ ಹಕ್ಕಿ ತಂದರೆ ಕನಿಷ್ಠ 30 ದಿನ ಬೇರೆ ಕೋಣೆ, ಬೇರೆ ಬ್ರಷ್, ಬೇರೆ ಬಟ್ಟೆ. ದಿನಾ ಹಳೆಯ ಹಕ್ಕಿಗಳ ಕೆಲಸ ಮುಗಿಸಿ ಆಮೇಲೆ ಹೊಸದರದ್ದು, ಕಾಯಿಲೆಯದಿದ್ದರೆ ಅದು ಎಲ್ಲಕ್ಕಿಂತ ಕೊನೆಗೆ. ಈ ಸಾಲನ್ನು ತಿರುಗಿಸಿದರೆ ರೋಗವನ್ನು ನಾವೇ ಕೈಯಾರೆ ಹೊತ್ತು ಹಂಚಿದಂತೆ.

ಕೊಳೆ ಕಾಗದವನ್ನು ತೇವವಿರುವಾಗಲೇ ಒಳಮುಖವಾಗಿ ಮಡಚಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬಟ್ಟೆ, ಬ್ರಷ್ಷುಗಳನ್ನು ಬೇರೆಯಾಗಿ ತೊಳೆದು ಒಣಗಿಸಿ. ಕೈಗವಸು ಹಾಕಿದ್ದರೂ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯಿರಿ.

ಬಾಲ ಉಸಿರಿನ ತಾಳಕ್ಕೆ ಮೇಲೆ ಕೆಳಗೆ ಆಡುತ್ತಿದ್ದರೆ, ಕೊಕ್ಕು ತೆರೆದು ಉಸಿರಾಡುತ್ತಿದ್ದರೆ, ಕೋಲಿನಿಂದ ಕೆಳಗಿಳಿದು ತಳದಲ್ಲಿ ಕೂತಿದ್ದರೆ, ಅದೂ ತೊಳೆದ ದಿನ, ಮೊದಲ ಕೆಲಸ ಹಕ್ಕಿಯನ್ನು ಶುದ್ಧ ಗಾಳಿಗೆ ಒಯ್ಯುವುದು. ಯಾವ ದ್ರವ ಬಳಸಿದಿರೋ ಆ ಬಾಟಲಿಯ ಫೋಟೊ ತೆಗೆದು ತಕ್ಷಣ ಪಶುವೈದ್ಯರ ಬಳಿ ಹೊರಡಿ.

ನಾವು ಊರಲ್ಲಿಲ್ಲದಾಗ ಹಕ್ಕಿ ನೋಡಿಕೊಳ್ಳುವುದು ಪಕ್ಕದ ಮನೆಯ ಹುಡುಗ. ಅವನಿಗೆ ಕೆಲಸ ಹೇಳಿಕೊಡುವಾಗ ಕೇಳಿದ: ‘ಅಕ್ಕಾ, ವಾಸನೆ ಬಂದ್ರೆ ಸ್ವಲ್ಪ ಫ್ರೆಶ್ನರ್ ಹೊಡೀಲಾ?’

‘ಬೇಡ್ವೋ ಮಾರಾಯ. ವಾಸನೆ ಬಂದ್ರೆ ಕಾಗದ ಬದಲ್ಸು, ಕಿಟಕಿ ತೆಗಿ. ಪಂಜರದ ಬಾಗಿಲು ಹಾಕಿದ್ಯಾ ಅಂತ ಮೊದ್ಲು ನೋಡ್ಕೋ.’

ಪಂಜರದ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ ಹೋಗುತ್ತೇನೆ: ಬೆಳಿಗ್ಗೆ ಕಾಗದ, ನೀರು, ಕಾಳು; ಬಟ್ಟಲಿಗೆ ಸೋಪು ಹಾಕಿ ಉಜ್ಜು; ಬೇರೇನೂ ತೊಳೆಯಬೇಡ; ತೆಗೆದ ಕಾಗದದ ಫೋಟೊ ಕಳಿಸು. ಕೆಳಗೆ ಪಶುವೈದ್ಯರ ನಂಬರು.